ಅಲಂಕಾರಿಕ ಮೀನುಗಳಿಗೆ ಜೀವಂತ ಆಹಾರ: ಸುರಕ್ಷಿತವಾಗಿ ನೀಡುವ ವಿಧಾನ

ಪೀಠಿಕೆ

ಮನೆಯ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸ ನಗರಗಳಲ್ಲಿಯೂ ಪಟ್ಟಣಗಳಲ್ಲಿಯೂ ವ್ಯಾಪಕವಾಗಿದೆ. ಹಲವು ಕುಟುಂಬಗಳು ಹಿತ್ತಿಲಿನ ಸಿಮೆಂಟ್ ತೊಟ್ಟಿಗಳಲ್ಲಿ ಗಪ್ಪಿ, ಮೊಲ್ಲಿ, ಫೈಟರ್, ಏಂಜಲ್ ಮುಂತಾದ ಮೀನುಗಳ ಮರಿ ಮಾಡಿ ಮಾರಾಟ ಮಾಡುವ ಮೂಲಕ ಉಪ ಆದಾಯವನ್ನೂ ಪಡೆಯುತ್ತಿವೆ. ಇವರೆಲ್ಲರಿಗೂ ಒಂದಲ್ಲ ಒಂದು ಹಂತದಲ್ಲಿ ಜೀವಂತ ಆಹಾರದ ಅವಶ್ಯಕತೆ ಎದುರಾಗುತ್ತದೆ.

ಜೀವಂತ ಆಹಾರವು ಮೀನುಗಳಿಗೆ ಅತ್ಯಂತ ಪ್ರಿಯವಾದುದು. ಆದರೆ ಅದೇ ಆಹಾರವು ತೊಟ್ಟಿಯೊಳಗೆ ರೋಗವನ್ನೂ, ಮನೆಯೊಳಗೆ ಸೊಳ್ಳೆಯನ್ನೂ ತರಬಲ್ಲದು. ಭಾನುವಾರ ಅಂಗಡಿಯಿಂದ ತಂದ ಒಂದು ಲೋಟ ಟ್ಯೂಬಿಫೆಕ್ಸ್ ಹುಳುವನ್ನು ಒಮ್ಮೆಲೇ ತೊಟ್ಟಿಗೆ ಸುರಿದು, ಸೋಮವಾರ ಬೆಳಿಗ್ಗೆ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಉಸಿರಿಗಾಗಿ ಪರದಾಡುವುದನ್ನು ನೋಡುವ ಸಂದರ್ಭಗಳು ಅಪರೂಪವಲ್ಲ. ಇಂತಹ ನಷ್ಟದ ಬಹುಭಾಗವನ್ನು ಸರಳ ಕ್ರಮಗಳಿಂದ ತಪ್ಪಿಸಬಹುದಾಗಿದೆ. ಸಾರ್ವಜನಿಕರ ಅನುಕೂಲಕ್ಕಾಗಿ ಸದರಿ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

1. ಜೀವಂತ ಆಹಾರ ಏಕೆ ಬೇಕು?

ಬೆಳೆದ ಮೀನುಗಳು ಉತ್ತಮ ಗುಣಮಟ್ಟದ ಒಣ ಆಹಾರದಿಂದಲೇ ಆರೋಗ್ಯವಾಗಿ ಬದುಕಬಲ್ಲವು. ಆದ್ದರಿಂದ ಮನೆಯಲ್ಲಿ ಕೇವಲ ನೋಟಕ್ಕಾಗಿ ಮೀನು ಸಾಕುವವರಿಗೆ ಜೀವಂತ ಆಹಾರ ಕಡ್ಡಾಯವಲ್ಲ. ಈ ಕೆಳಕಂಡ ಮೂರು ಸಂದರ್ಭಗಳಲ್ಲಿ ಮಾತ್ರ ಅದರ ಪ್ರಯೋಜನ ಹೆಚ್ಚು.

(ಅ) ಮರಿಗಳಿಗೆ: ಮೊಟ್ಟೆಯಿಂದ ಹೊರಬಂದ ಮರಿಯು ತನ್ನ ಹೊಟ್ಟೆಯ ಅಡಿಯಲ್ಲಿರುವ ಭಂಡಾರದ ಚೀಲ ಮುಗಿಯುವವರೆಗೆ ಆಹಾರ ತೆಗೆದುಕೊಳ್ಳುವುದಿಲ್ಲ. ಅದು ಮುಗಿದ ಕೂಡಲೇ ಬಾಯಿಗೆ ಹಿಡಿಸುವ ಗಾತ್ರದ ಆಹಾರ ಸಿಗದಿದ್ದರೆ ಮರಿಗಳು ಹಸಿವಿನಿಂದ ಸಾಯುತ್ತವೆ. ಬಹಳಷ್ಟು ಜಾತಿಯ ಮರಿಗಳು ಚಲಿಸುವ ವಸ್ತುವನ್ನು ಮಾತ್ರ ಆಹಾರವೆಂದು ಗುರುತಿಸುತ್ತವೆ.

(ಆ) ತಾಯಿ ಮೀನುಗಳಿಗೆ: ಮರಿ ಮಾಡಿಸುವ ಮುನ್ನ ಕೆಲವು ವಾರ ಜೀವಂತ ಆಹಾರ ನೀಡಿದಲ್ಲಿ ಮೊಟ್ಟೆಗಳ ಬೆಳವಣಿಗೆಗೆ ಸಹಾಯವಾಗುತ್ತದೆ.

(ಇ) ಹೊಸದಾಗಿ ತಂದ, ಒಣ ಆಹಾರವನ್ನು ಮುಟ್ಟದ ಮೀನುಗಳಿಗೆ: ಇವುಗಳನ್ನು ಮೊದಲು ಜೀವಂತ ಆಹಾರದಿಂದ ಒಗ್ಗಿಸಿ, ನಂತರ ಕ್ರಮೇಣ ಒಣ ಆಹಾರಕ್ಕೆ ತರಬಹುದು.

ಮೊಲ್ಲಿಯಂತಹ ಮೀನುಗಳಿಗೆ ಸಸ್ಯಾಹಾರವೂ ಬೇಕು. ಗೋಲ್ಡ್ ಫಿಶ್ ಸಸ್ಯ ಮತ್ತು ಪ್ರಾಣಿ ಮೂಲದ ಆಹಾರ ಎರಡನ್ನೂ ತಿನ್ನುವ ಮೀನು. ಇಂತಹವುಗಳಿಗೆ ಕೇವಲ ಹುಳುಗಳನ್ನೇ ನೀಡುವುದು ಸೂಕ್ತವಲ್ಲ.

2. ಅಪಾಯ ಎಲ್ಲಿಂದ ಬರುತ್ತದೆ?

ಜೀವಂತ ಆಹಾರದಿಂದ ಬರುವ ತೊಂದರೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಆಹಾರ ಜೀವಿಯ ಹೊಟ್ಟೆಯಲ್ಲಿರುವ ಕೊಳೆ ಮತ್ತು ರೋಗಾಣುಗಳು ಮೊದಲನೆಯದು. ಅದರ ಜೊತೆಯಲ್ಲಿ ಗಮನಕ್ಕೆ ಬಾರದೆ ಬರುವ ಪರಾವಲಂಬಿ ಮತ್ತು ಶತ್ರು ಕೀಟಗಳು ಎರಡನೆಯದು. ಆ ಜೀವಿ ಬೆಳೆದ ನೀರಿನಲ್ಲಿದ್ದ ಕೀಟನಾಶಕ, ಸೀಸದಂತಹ ವಿಷ ಪದಾರ್ಥಗಳು ಮೂರನೆಯದು. ಮೀನು ತಿನ್ನದೆ ಬಿಟ್ಟ ಆಹಾರ ಸತ್ತು ಕೊಳೆತು ನೀರು ಕೆಡುವುದು ನಾಲ್ಕನೆಯದು.

ನಾಲ್ಕನೆಯ ಕಾರಣದಿಂದ ಮೀನುಗಳು ಒಂದೇ ರಾತ್ರಿಯಲ್ಲಿ ಸಾಯಬಹುದು. ಸತ್ತ ಹುಳುಗಳು ಕೊಳೆಯುವಾಗ ನೀರಿನಲ್ಲಿ ಅಮೋನಿಯಾ ಹೆಚ್ಚುತ್ತದೆ, ಕರಗಿದ ಆಮ್ಲಜನಕ ಕಡಿಮೆಯಾಗುತ್ತದೆ. ಕ್ಷಾರಗುಣವುಳ್ಳ ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ತೀವ್ರವಾಗಿರುತ್ತದೆ. ಕೊಳವೆಬಾವಿಯ ಗಡಸು ನೀರು ಬಳಸುವವರು ಈ ಅಂಶವನ್ನು ವಿಶೇಷವಾಗಿ ಗಮನದಲ್ಲಿಡಬೇಕು.

3. ಆಹಾರವಾರು ಸೂಚನೆಗಳು

3.1 ಟ್ಯೂಬಿಫೆಕ್ಸ್ ಹುಳು

ಅಂಗಡಿಗಳಲ್ಲಿ ಕೆಂಪು ದಾರದ ಉಂಡೆಯಂತೆ ಕಾಣುವ ಈ ಹುಳುಗಳು ಸಾವಯವ ಕೊಳೆ ಹೆಚ್ಚಿರುವ ಕೆಸರಿನಲ್ಲಿ, ಚರಂಡಿ ಹಾಗೂ ಕೊಳಚೆ ನೀರು ಹರಿಯುವ ಕಾಲುವೆಗಳ ತಳದಲ್ಲಿ ಬೆಳೆಯುತ್ತವೆ. ಕೆಸರನ್ನೇ ತಿಂದು ಬದುಕುವುದರಿಂದ ಅವುಗಳ ಹೊಟ್ಟೆಯಲ್ಲಿ ಆ ಕೆಸರೇ ತುಂಬಿರುತ್ತದೆ. ತಣ್ಣೀರಿನ ಟ್ರೌಟ್ ಮೀನುಗಳಲ್ಲಿ ಕಂಡುಬರುವ ಗಿರಕಿ ರೋಗದ ಪರಾವಲಂಬಿಯು ತನ್ನ ಜೀವನದ ಒಂದು ಹಂತವನ್ನು ಟ್ಯೂಬಿಫೆಕ್ಸ್ ಹುಳುವಿನಲ್ಲಿಯೇ ಕಳೆಯುತ್ತದೆ ಎಂಬುದು 1980ರ ದಶಕದಲ್ಲಿ ದೃಢಪಟ್ಟಿತು. ಈ ಹುಳು ರೋಗವಾಹಕವಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಖರೀದಿಸುವಾಗ ಉಂಡೆಯನ್ನು ಮುಟ್ಟಿ ನೋಡಬೇಕು. ಜೀವಂತ ಹುಳುಗಳು ಮುಟ್ಟಿದ ಕೂಡಲೇ ಮುದುಡಿಕೊಳ್ಳುತ್ತವೆ. ಬಣ್ಣ ಬಿಳಿಚಿಕೊಂಡಿದ್ದರೆ ಅಥವಾ ದುರ್ವಾಸನೆ ಇದ್ದರೆ ಖರೀದಿಸಬಾರದು. ಮನೆಗೆ ತಂದ ನಂತರ ಅನುಸರಿಸಬೇಕಾದ ಕ್ರಮ:

- ಅಗಲವಾದ, ಆಳವಿಲ್ಲದ ತಟ್ಟೆಯಲ್ಲಿ ಹುಳುಗಳನ್ನಿಟ್ಟು, ನಲ್ಲಿಯಿಂದ ತೆಳುವಾಗಿ ನೀರು ಹರಿಯುವಂತೆ ಮಾಡಬೇಕು. ಹರಿಯುವ ನೀರಿನ ಅನುಕೂಲವಿಲ್ಲದಿದ್ದಲ್ಲಿ ದಿನಕ್ಕೆ ಕನಿಷ್ಠ 3 ಬಾರಿ ನೀರು ಬದಲಾಯಿಸಬೇಕು.
- ಈ ರೀತಿ 2 ರಿಂದ 3 ದಿನ ಹೊಟ್ಟೆ ಖಾಲಿ ಮಾಡಿಸಿದ ನಂತರವೇ ಮೀನಿಗೆ ನೀಡಬೇಕು.
- ಪ್ರತಿ ಬಾರಿ ತೊಳೆಯುವಾಗ ಸತ್ತ ಹುಳುಗಳನ್ನು ತೆಗೆದುಹಾಕಬೇಕು. ಸತ್ತವು ಉಂಡೆಯಿಂದ ಬಿಡಿಯಾಗಿ ನೀರಿನಲ್ಲಿ ಹೊರಟುಹೋಗುತ್ತವೆ.
- ತೊಟ್ಟಿಗೆ ನೇರವಾಗಿ ಸುರಿಯದೆ, ನೀರಿನ ಮೇಲೆ ತೇಲುವ ಸಣ್ಣ ರಂಧ್ರಗಳ ಬುಟ್ಟಿಯಲ್ಲಿ ಹಾಕಬೇಕು. ತಳಕ್ಕಿಳಿದ ಹುಳುಗಳು ಜಲ್ಲಿಯೊಳಗೆ ಸೇರಿಕೊಂಡು ನಂತರ ಅಲ್ಲಿಯೇ ಸತ್ತು ಕೊಳೆಯುತ್ತವೆ.

ತೊಳೆಯುವುದರಿಂದ ಹೊಟ್ಟೆಯ ಕೊಳೆ ಹೋಗುತ್ತದೆಯೇ ಹೊರತು, ಹುಳುವಿನ ದೇಹದಲ್ಲಿಯೇ ಸೇರಿಹೋದ ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳು ಹೋಗುವುದಿಲ್ಲ. ಆದ್ದರಿಂದ ಕೈಗಾರಿಕೆಗಳ ತ್ಯಾಜ್ಯ ಸೇರುವ ಕಾಲುವೆಗಳ ಹುಳುಗಳನ್ನು ಯಾವ ಕಾರಣಕ್ಕೂ ಬಳಸಬಾರದು. ಮೂಲ ತಿಳಿಯದಿದ್ದಲ್ಲಿ ಬೇರೆ ಆಹಾರವನ್ನು ಆರಿಸಿಕೊಳ್ಳುವುದು ಕ್ಷೇಮ.

3.2 ಸೊಳ್ಳೆ ಮರಿ

ಸೊಳ್ಳೆ ಮರಿಗಳು ಮೀನುಗಳಿಗೆ ಉತ್ತಮ ಆಹಾರ. ಇದೇ ಗುಣವನ್ನು ಬಳಸಿಕೊಂಡು ಸೊಳ್ಳೆ ನಿಯಂತ್ರಣಕ್ಕಾಗಿ ಬಾವಿ, ಕಲ್ಯಾಣಿ, ತೊಟ್ಟಿಗಳಿಗೆ ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನುಗಳನ್ನು ಬಿಡಲಾಗುತ್ತದೆ. ಆದರೆ ಮೀನಿನ ಆಹಾರಕ್ಕೆಂದು ಬಕೆಟ್, ಡ್ರಮ್‌ಗಳಲ್ಲಿ ನೀರು ನಿಲ್ಲಿಸಿ ಸೊಳ್ಳೆ ಮರಿ ಬೆಳೆಸುವುದು ಅಪಾಯಕರ. ಡೆಂಗ್ಯೂ ಮತ್ತು ಚಿಕುನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂತಹ ಶುದ್ಧ ನಿಂತ ನೀರಿನಲ್ಲಿಯೇ. ನಮ್ಮ ಹವಾಮಾನದಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 7 ರಿಂದ 10 ದಿನ ಸಾಕು. ಎರಡು ದಿನ ಮರೆತರೂ ಅಕ್ಕಪಕ್ಕದ ಮನೆಗಳವರಿಗೂ ತೊಂದರೆಯಾಗುತ್ತದೆ.

ಕರ್ನಾಟಕದಲ್ಲಿ 2024ರಲ್ಲಿ ಡೆಂಗ್ಯೂ ಜ್ವರವನ್ನು ಕರ್ನಾಟಕ ಸಾಂಕ್ರಾಮಿಕ ರೋಗಗಳ ಅಧಿನಿಯಮ, 2020ರ ಅಡಿಯಲ್ಲಿ ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಲಾಯಿತು. ಸೊಳ್ಳೆ ಉತ್ಪತ್ತಿಗೆ ಅವಕಾಶ ನೀಡುವ ಮನೆಗಳಿಗೆ ನಗರ ಪ್ರದೇಶದಲ್ಲಿ 400 ರೂ. ಹಾಗೂ ಗ್ರಾಮಾಂತರ ಪ್ರದೇಶದಲ್ಲಿ 200 ರೂ. ದಂಡವನ್ನು ಆ ಸಂದರ್ಭದಲ್ಲಿ ನಿಗದಿಪಡಿಸಲಾಯಿತು. ಮೀನಿನ ಆಹಾರಕ್ಕಾಗಿ ಇಟ್ಟ ನೀರು ಎಂಬ ಕಾರಣದಿಂದ ಸೊಳ್ಳೆ ಹುಟ್ಟುವುದು ನಿಲ್ಲುವುದಿಲ್ಲ ಎಂಬುದನ್ನು ಗಮನಿಸಬೇಕು.

ಮನೆಯ ಸಂಪು ಅಥವಾ ಹೂಕುಂಡದ ತಟ್ಟೆಯಲ್ಲಿ ಆಕಸ್ಮಿಕವಾಗಿ ಕಂಡ ಮರಿಗಳನ್ನು ಬಲೆಯಿಂದ ಸೋಸಿ, ಶುದ್ಧ ನೀರಿನಲ್ಲಿ ತೊಳೆದು ಮೀನಿಗೆ ಹಾಕಬಹುದು. ಆಗ ಈ ಕೆಳಕಂಡ ಅಂಶಗಳನ್ನು ಪಾಲಿಸಬೇಕು.

- ಮೀನುಗಳು 5 ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಬೇಕು. ಉಳಿದ ಮರಿಗಳನ್ನು ನೀರಿನಲ್ಲಿ ಇಟ್ಟುಕೊಳ್ಳದೆ ಒಣ ನೆಲದ ಮೇಲೆ ಚೆಲ್ಲಿ ನಾಶಪಡಿಸಬೇಕು.
- ಅಲ್ಪವಿರಾಮದ ಆಕಾರದಲ್ಲಿ, ತಲೆ ದಪ್ಪಗಿರುವವು ಕೋಶಾವಸ್ಥೆಯವು. ಇವು ಎರಡು ಮೂರು ದಿನಗಳಲ್ಲಿ ಸೊಳ್ಳೆಯಾಗುವುದರಿಂದ ಇವುಗಳನ್ನು ತೊಟ್ಟಿಗೆ ಹಾಕಬಾರದು.
- ಲಾರ್ವಾನಾಶಕ ಔಷಧಿ ಹಾಕಿರುವ ಅಥವಾ ಧೂಮೀಕರಣ ನಡೆದಿರುವ ಸ್ಥಳದ ಮರಿಗಳನ್ನು ಮೀನಿಗೆ ನೀಡಬಾರದು.
- ಮರಿಗಳು ಸಿಕ್ಕ ಪಾತ್ರೆಯ ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜಿ ತೊಳೆಯಬೇಕು. ಗೋಡೆಗೆ ಅಂಟಿದ ಈಡಿಸ್ ಮೊಟ್ಟೆಗಳು ಒಣಗಿದ ಸ್ಥಿತಿಯಲ್ಲಿಯೂ ತಿಂಗಳುಗಟ್ಟಲೆ ಉಳಿದು, ನೀರು ತಗುಲಿದಾಗ ಮರಿಯಾಗುತ್ತವೆ.

3.3 ರಕ್ತಹುಳು

ಕಚ್ಚದ ಒಂದು ಬಗೆಯ ಸಣ್ಣ ನೊಣಗಳ ಮರಿಗಳಿವು. ದೇಹದಲ್ಲಿ ಹೀಮೋಗ್ಲೋಬಿನ್ ಇರುವುದರಿಂದ ಕೆಂಪಗಿರುತ್ತವೆ. ಇವುಗಳಿಗೂ ಟ್ಯೂಬಿಫೆಕ್ಸ್‌ಗೆ ಹೇಳಿದ ಶುದ್ಧೀಕರಣ ಕ್ರಮವೇ ಅನ್ವಯಿಸುತ್ತದೆ. ಕೆಲವರಿಗೆ ಈ ಹುಳುಗಳಿಂದ, ವಿಶೇಷವಾಗಿ ಒಣಗಿಸಿದ ಹುಳುಗಳ ಧೂಳಿನಿಂದ, ಸೀನು, ಕಣ್ಣುರಿ, ಚರ್ಮದ ತುರಿಕೆ ಮತ್ತು ಉಬ್ಬಸ ಉಂಟಾಗುವುದು ವೈದ್ಯಕೀಯವಾಗಿ ದಾಖಲಾಗಿದೆ. ಅಸ್ತಮಾ ಇರುವವರು ಇವನ್ನು ಮುಟ್ಟದಿರುವುದು ಒಳ್ಳೆಯದು. ಇತರರೂ ಕೈಗವಸು ಅಥವಾ ಚಿಮುಟ ಬಳಸಬೇಕು.

3.4 ನೀರುಚಿಗಟ (ಡಾಫ್ನಿಯಾ ಮತ್ತು ಮೊಯಿನಾ)

ಕೆರೆ ಕುಂಟೆಗಳಲ್ಲಿ ಬೆಳಗಿನ ಹೊತ್ತು ಮೋಡದಂತೆ ಗುಂಪಾಗಿ ಕಾಣುವ ಈ ಸೂಕ್ಷ್ಮ ಜೀವಿಗಳು ಮರಿಗಳಿಗೆ ಶ್ರೇಷ್ಠ ಆಹಾರ. ಮೊಯಿನಾ ಗಾತ್ರದಲ್ಲಿ ಚಿಕ್ಕದು. ಡಾಫ್ನಿಯಾ ಅದಕ್ಕಿಂತ ದೊಡ್ಡದು. ಆದರೆ ಕೆರೆಯಿಂದ ನೇರವಾಗಿ ಹಿಡಿದ ಬಲೆಯಲ್ಲಿ ಇವಷ್ಟೇ ಇರುವುದಿಲ್ಲ. ಮೀನಿನ ರಕ್ತ ಹೀರುವ ಮೀನು ಹೇನು, ಮಾಂಸದೊಳಗೆ ನೆಟ್ಟುಕೊಳ್ಳುವ ಲಂಗರು ಹುಳುವಿನ ಮರಿಗಳು, ಜಿಗಣೆ, ಮರಿಗಳನ್ನೇ ಹಿಡಿದು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿ ಮತ್ತು ನೀರು ಜೀರುಂಡೆ, ಗಾಜಿಗೆ ಅಂಟಿ ಬೆಳೆಯುವ ಹೈಡ್ರಾ ಇವೆಲ್ಲವೂ ಜೊತೆಗೆ ಬರಬಹುದು.

ನೀರುಚಿಗಟದ ಜೊತೆ ಬರುವ ಸೈಕ್ಲಾಪ್ಸ್ ಎಂಬ ಜೀವಿಯು ಮೀನಿನ ಕರುಳಿನ ಹುಳುಗಳ ವಾಹಕವಾಗಬಲ್ಲದು. ಹಿಂದೆ ಕರ್ನಾಟಕವೂ ಸೇರಿದಂತೆ ದೇಶದ ಹಲವು ರಾಜ್ಯಗಳಲ್ಲಿ ಮನುಷ್ಯರನ್ನು ಕಾಡುತ್ತಿದ್ದ ನಾರುಹುಣ್ಣು ರೋಗವೂ ಸೈಕ್ಲಾಪ್ಸ್ ಇರುವ ನೀರು ಕುಡಿಯುವುದರಿಂದಲೇ ಹರಡುತ್ತಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವಂತಹ ಸರಳ ಕ್ರಮಗಳಿಂದ ಅದು ತೊಲಗಿ, 2000ನೇ ಇಸವಿಯಲ್ಲಿ ಭಾರತವು ಆ ರೋಗದಿಂದ ಮುಕ್ತವೆಂದು ಘೋಷಿಸಲ್ಪಟ್ಟಿತು. ಮೀನಿನ ತೊಟ್ಟಿಯ ವಿಷಯದಲ್ಲಿಯೂ ಸೋಸುವಿಕೆಗೆ ಅಷ್ಟೇ ಮಹತ್ವವಿದೆ.

ಮೀನುಗಳೇ ಇಲ್ಲದ ಪ್ರತ್ಯೇಕ ತೊಟ್ಟಿಯಲ್ಲಿ ಮೊಯಿನಾವನ್ನು ಬೆಳೆಸಿಕೊಳ್ಳುವುದು ಅತ್ಯಂತ ಸುರಕ್ಷಿತ ವಿಧಾನ. ಮೀನು ಹೇನಿನಂತಹ ಪರಾವಲಂಬಿಗಳು ಮೀನಿಲ್ಲದೆ ಹೆಚ್ಚು ಕಾಲ ಬದುಕಲಾರವು. ತೊಟ್ಟಿಯನ್ನು ಬಿಸಿಲಿಗಿಟ್ಟು ನೀರು ಹಸಿರಾದ ನಂತರ ಶುದ್ಧ ಮೂಲದಿಂದ ತಂದ ಮೊಯಿನಾವನ್ನು ಬಿಡಬೇಕು. ನೀರು ತಿಳಿಯಾಗುತ್ತಾ ಬಂದರೆ ಆಹಾರ ಮುಗಿಯುತ್ತಿದೆ ಎಂದರ್ಥ. ಆಗ ಚಿಟಿಕೆಯಷ್ಟು ಯೀಸ್ಟನ್ನು ನೀರಿನಲ್ಲಿ ಕದಡಿ ಹಾಕಬಹುದು. ಸೊಳ್ಳೆ ಮೊಟ್ಟೆಯಿಡದಂತೆ ತೊಟ್ಟಿಯ ಬಾಯಿಗೆ ಒತ್ತಾದ ಸೊಳ್ಳೆ ಪರದೆ ಬಟ್ಟೆಯನ್ನು ಬಿಗಿಯಾಗಿ ಕಟ್ಟುವುದು ಕಡ್ಡಾಯ. ನಲ್ಲಿ ನೀರಿನ ಕ್ಲೋರಿನ್ ಈ ಜೀವಿಗಳನ್ನು ಕೊಲ್ಲುವುದರಿಂದ ನೀರನ್ನು ತೆರೆದ ಪಾತ್ರೆಯಲ್ಲಿ ಕನಿಷ್ಠ 24 ಗಂಟೆ ಗಾಳಿ ಹಾಯಿಸಿ ನಂತರ ಬಳಸಬೇಕು.

3.5 ಎರೆಹುಳು

ದೊಡ್ಡ ಮೀನುಗಳಿಗೆ ಎರೆಹುಳು ಉತ್ತಮ ಆಹಾರ. ರಸಗೊಬ್ಬರ ಮತ್ತು ಕೀಟನಾಶಕ ಬಳಸದ ಜಾಗದಿಂದ ಆರಿಸಿ, ಒದ್ದೆ ಬಟ್ಟೆ ಅಥವಾ ಒದ್ದೆ ಕಾಗದದಲ್ಲಿ ಒಂದು ದಿನ ಇಟ್ಟರೆ ಹೊಟ್ಟೆಯ ಮಣ್ಣು ಹೊರಹೋಗುತ್ತದೆ. ನಂತರ ತೊಳೆದು, ಮೀನಿನ ಬಾಯಿಯ ಗಾತ್ರಕ್ಕೆ ಕತ್ತರಿಸಿ ನೀಡಬೇಕು. ಎರೆಗೊಬ್ಬರ ತಯಾರಿಕೆಯಲ್ಲಿ ಬಳಸುವ, ಮೈಮೇಲೆ ಪಟ್ಟೆಗಳಿರುವ ಐಸೀನಿಯಾ ಜಾತಿಯ ಹುಳು ಮುಟ್ಟಿದಾಗ ಹಳದಿ ದ್ರವವನ್ನು ಸ್ರವಿಸುತ್ತದೆ. ಹಲವು ಮೀನುಗಳು ಇದನ್ನು ಬಾಯಿಗೆ ಹಾಕಿಕೊಂಡು ಉಗುಳುತ್ತವೆ. ಆದ್ದರಿಂದ ಈ ಜಾತಿಯನ್ನು ಬಳಸದಿರುವುದು ಲೇಸು.

3.6 ಆರ್ಟೀಮಿಯಾ

ಉಪ್ಪು ನೀರಿನ ಸರೋವರಗಳಲ್ಲಿ ಬೆಳೆಯುವ ಈ ಜೀವಿಯ ಒಣ ಮೊಟ್ಟೆಗಳು ಡಬ್ಬಿಗಳಲ್ಲಿ ದೊರೆಯುತ್ತವೆ. ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಇದರ ಪ್ರಮುಖ ಮೂಲ. ಒಣಗಿಸಿ ಭದ್ರಪಡಿಸಿದರೆ ಮೊಟ್ಟೆಗಳು ವರ್ಷಗಟ್ಟಲೆ ಕೆಡುವುದಿಲ್ಲ. ಮನೆಯಲ್ಲಿಯೇ ಮರಿ ಮಾಡಿಸುವುದರಿಂದ ಕೆರೆ, ಚರಂಡಿಯ ರೋಗಗಳು ಬರುವ ಸಂಭವ ತೀರಾ ಕಡಿಮೆ. ಈ ಕಾರಣದಿಂದ ಮೀನು ಮರಿಗಳಿಗೆ ಇದನ್ನೇ ಪ್ರಥಮ ಆಯ್ಕೆಯಾಗಿ ಪರಿಗಣಿಸಬಹುದು.

ವಿಧಾನ: ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ, 1 ಲೀಟರ್ ನೀರಿಗೆ 25 ರಿಂದ 30 ಗ್ರಾಂ ಕಲ್ಲುಪ್ಪು ಕರಗಿಸಬೇಕು. ಅದಕ್ಕೆ 1 ಗ್ರಾಂ ಮೊಟ್ಟೆ ಹಾಕಿ, ಏರ್ ಪಂಪಿನ ಕೊಳವೆಯನ್ನು ತಳದವರೆಗೆ ಇಳಿಬಿಟ್ಟು ಸತತವಾಗಿ ಗಾಳಿ ಹಾಯಿಸಬೇಕು. ಮೇಲೆ ಬಲ್ಬಿನ ಬೆಳಕಿರಲಿ. ನೀರಿನ ಉಷ್ಣತೆ 26 ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದಲ್ಲಿ 24 ರಿಂದ 36 ಗಂಟೆಗಳಲ್ಲಿ ಕಿತ್ತಳೆ ಬಣ್ಣದ ಮರಿಗಳು ಹೊರಬರುತ್ತವೆ. ಉತ್ತಮ ಮೊಟ್ಟೆಯಾದಲ್ಲಿ 1 ಗ್ರಾಂಗೆ ಸುಮಾರು 2 ಲಕ್ಷ ಮರಿಗಳು ದೊರೆಯುತ್ತವೆ. ಹಾಗಾಗಿ ಮನೆ ಬಳಕೆಗೆ ಚಿಟಿಕೆಯಷ್ಟು ಮೊಟ್ಟೆ ಸಾಕು.

ಗಾಳಿ ನಿಲ್ಲಿಸಿ 10 ನಿಮಿಷ ಬಿಟ್ಟರೆ ಖಾಲಿ ಚಿಪ್ಪುಗಳು ಮೇಲೆ ತೇಲುತ್ತವೆ. ಕೆಳಭಾಗಕ್ಕೆ ಬೆಳಕು ಹಿಡಿದರೆ ಮರಿಗಳು ಅಲ್ಲಿಗೆ ಬಂದು ಸೇರುತ್ತವೆ. ಸಣ್ಣ ಕೊಳವೆಯಿಂದ ಮರಿಗಳನ್ನು ಮಾತ್ರ ಎಳೆದುಕೊಂಡು, ಸೂಕ್ಷ್ಮ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ನೀಡಬೇಕು. ಚಿಪ್ಪು ನುಂಗಿದ ಮೀನು ಮರಿಗಳ ಕರುಳು ಕಟ್ಟಿಕೊಂಡು ಸಾಯುವ ಸಂಭವವಿರುವುದರಿಂದ ಈ ಹಂತವನ್ನು ಬಿಡಬಾರದು. ಹೊರಬಂದ ಮರಿಗಳು ತಮ್ಮಲ್ಲಿರುವ ಪೋಷಕಾಂಶವನ್ನು ಬೇಗನೆ ಖರ್ಚು ಮಾಡಿಕೊಳ್ಳುವುದರಿಂದ ಕೆಲವೇ ಗಂಟೆಗಳೊಳಗೆ ನೀಡಬೇಕು. ಸಿಹಿನೀರಿನಲ್ಲಿ ಇವು ಹೆಚ್ಚು ಹೊತ್ತು ಬದುಕುವುದಿಲ್ಲವಾದ್ದರಿಂದ ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಹಾಕುವುದು ಸರಿಯಾದ ಕ್ರಮ.

3.7 ಇನ್ಫ್ಯೂಸೋರಿಯಾ

ಫೈಟರ್ ಮುಂತಾದ ಅತಿ ಸಣ್ಣ ಬಾಯಿಯ ಮರಿಗಳಿಗೆ ಮೊದಲ ಕೆಲವು ದಿನ ಆರ್ಟೀಮಿಯಾ ಕೂಡ ದೊಡ್ಡದಾಗುತ್ತದೆ. ಇವುಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ನೀರನ್ನು ತಯಾರಿಸಿಕೊಳ್ಳಬೇಕು. ಹಳೆಯ ತೊಟ್ಟಿಯ ನೀರನ್ನು ಗಾಜಿನ ಜಾಡಿಗೆ ತುಂಬಿ, ಬಾಳೆಹಣ್ಣಿನ ಸಿಪ್ಪೆಯ ಒಂದು ತುಂಡು ಅಥವಾ ಎಲೆಕೋಸಿನ ಎಲೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿಡಬೇಕು. ಒಂದೆರಡು ದಿನದಲ್ಲಿ ನೀರು ಹಾಲಿನಂತೆ ಕದಡಿ ವಾಸನೆ ಬರುತ್ತದೆ. ಈ ಹಂತದಲ್ಲಿ ಅದನ್ನು ಬಳಸಬಾರದು. ಮತ್ತೆರಡು ಮೂರು ದಿನಗಳಲ್ಲಿ ವಾಸನೆ ಕಡಿಮೆಯಾಗಿ ನೀರು ತಿಳಿ ಹಳದಿಯಾದಾಗ ಆಹಾರ ಸಿದ್ಧವಾಗಿದೆ ಎಂದು ತಿಳಿಯಬೇಕು. ಮರಿ ತೊಟ್ಟಿಗೆ ಚಮಚೆಯ ಲೆಕ್ಕದಲ್ಲಿ ಮಾತ್ರ ಹಾಕಬೇಕು.

ಮರಿಗಳು ಹುಟ್ಟಿದ ನಂತರ ಜಾಡಿ ಸಿದ್ಧಪಡಿಸಲು ಹೊರಟರೆ ತಡವಾಗುತ್ತದೆ. ಜೋಡಿಯನ್ನು ತೊಟ್ಟಿಗೆ ಬಿಡುವ ದಿನವೇ ಜಾಡಿಯನ್ನೂ ಸಿದ್ಧಪಡಿಸುವುದು ಸೂಕ್ತ.

3.8 ಜೀವಂತ ಮೀನು

ಅರೋವಾನಾ, ಆಸ್ಕರ್ ಮುಂತಾದ ದೊಡ್ಡ ಮೀನುಗಳಿಗೆ ಅಂಗಡಿಯ ಅಗ್ಗದ ಮೀನುಗಳನ್ನು ಜೀವಂತವಾಗಿ ಹಾಕುವ ರೂಢಿಯಿದೆ. ಇಂತಹ ಮೀನುಗಳನ್ನು ಕಿಕ್ಕಿರಿದ ತೊಟ್ಟಿಗಳಲ್ಲಿ ಇಡುವುದರಿಂದ ರೋಗ ಹರಡುವ ಸಂಭವ ಅಧಿಕ. ಅಲ್ಲದೆ ಗೋಲ್ಡ್ ಫಿಶ್‌ನ ದೇಹದಲ್ಲಿರುವ ಥಯಾಮಿನೇಸ್ ಎಂಬ ಕಿಣ್ವವು ಬಿ1 ಜೀವಸತ್ವವನ್ನು ನಾಶಪಡಿಸುತ್ತದೆ. ಅದನ್ನೇ ತಿಂದು ಬೆಳೆಯುವ ಮೀನಿಗೆ ಕ್ರಮೇಣ ಆ ಜೀವಸತ್ವದ ಕೊರತೆಯುಂಟಾಗುತ್ತದೆ. ಈ ಮೀನುಗಳನ್ನು ತುಂಡು ಸೀಗಡಿ ಮತ್ತು ಗುಳಿಗೆ ಆಹಾರಕ್ಕೆ ಒಗ್ಗಿಸುವುದು ಉತ್ತಮ.

4. ಪ್ರಮಾಣ ಮತ್ತು ವೇಳೆ

- ಬೆಳೆದ ಮೀನುಗಳಿಗೆ ವಾರಕ್ಕೆ 1 ಅಥವಾ 2 ಬಾರಿ ಜೀವಂತ ಆಹಾರ ಸಾಕು. ಉಳಿದ ದಿನ ಒಣ ಆಹಾರ ನೀಡಬೇಕು.
- ಮರಿಗಳಿಗೆ ದಿನಕ್ಕೆ 3 ರಿಂದ 5 ಬಾರಿ ಅಲ್ಪ ಪ್ರಮಾಣದಲ್ಲಿ ನೀಡಬೇಕು.
- ಒಂದು ಬಾರಿಗೆ ಕೆಲವೇ ನಿಮಿಷಗಳಲ್ಲಿ ತಿಂದು ಮುಗಿಸುವಷ್ಟನ್ನು ಮಾತ್ರ ಹಾಕಬೇಕು. ಉಳಿದುದನ್ನು ಸೈಫನ್ ಕೊಳವೆಯಿಂದ ಹೊರತೆಗೆಯಬೇಕು.
- ರಾತ್ರಿ ದೀಪ ಆರಿಸುವ ಮುನ್ನ ಹುಳುಗಳನ್ನು ಹಾಕಬಾರದು. ಉಳಿದುದು ಕಣ್ಣಿಗೆ ಬೀಳದೆ ರಾತ್ರಿಯಿಡೀ ಕೊಳೆಯುತ್ತದೆ.
- ಆಹಾರದ ಜೊತೆ ಬಂದ ನೀರನ್ನು ತೊಟ್ಟಿಗೆ ಸುರಿಯಬಾರದು. ಸೋಸಿ, ಆಹಾರವನ್ನು ಮಾತ್ರ ಹಾಕಬೇಕು.

ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದಲ್ಲಿ ಕೂಡಲೇ ಆಹಾರ ನಿಲ್ಲಿಸಿ, ತಳದ ಕೊಳೆ ತೆಗೆದು, ಕ್ಲೋರಿನ್ ಹೋದ ಅಷ್ಟೇ ಉಷ್ಣತೆಯ ನೀರಿನಿಂದ ಮೂರನೇ ಒಂದು ಭಾಗ ನೀರನ್ನು ಬದಲಾಯಿಸಿ, ಗಾಳಿ ಹೆಚ್ಚಿಸಬೇಕು.

5. ಮನೆಯವರ ಆರೋಗ್ಯ

ಕೈಯಲ್ಲಿ ಗಾಯವಿದ್ದಾಗ ತೊಟ್ಟಿಯ ನೀರಿಗೆ ಕೈ ಹಾಕಬಾರದು. ಮೀನಿನ ತೊಟ್ಟಿಯಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಗಾಯದ ಮೂಲಕ ಸೇರಿ, ವಾರಗಳ ನಂತರ ವಾಸಿಯಾಗದ ಗಂಟುಗಳನ್ನು ಉಂಟುಮಾಡುತ್ತದೆ. ಅಂತಹ ಗಂಟು ಕಂಡಲ್ಲಿ ವೈದ್ಯರಿಗೆ ಮೀನು ಸಾಕಿರುವ ವಿಷಯವನ್ನು ತಪ್ಪದೆ ತಿಳಿಸಬೇಕು. ಚರಂಡಿ, ಕೊಳಚೆ ನೀರಿಗೆ ಬರಿಗಾಲಿನಲ್ಲಿ ಇಳಿದು ಹುಳು ಸಂಗ್ರಹಿಸುವುದರಿಂದ ಇಲಿ ಮೂತ್ರದ ಮೂಲಕ ಇಲಿಜ್ವರ ತಗುಲುವ ಅಪಾಯವಿದೆ; ಮಳೆಗಾಲದಲ್ಲಿ ಇದು ಹೆಚ್ಚು. ಸೈಫನ್ ಕೊಳವೆಯನ್ನು ಬಾಯಿಂದ ಎಳೆಯಬಾರದು. ಹುಳುಗಳನ್ನು ಫ್ರಿಜ್‌ನಲ್ಲಿ ಇಡುವುದಾದಲ್ಲಿ ಮುಚ್ಚಳವಿರುವ ಪ್ರತ್ಯೇಕ ಡಬ್ಬಿಯಲ್ಲಿ, ತಿನ್ನುವ ಪದಾರ್ಥಗಳಿಂದ ದೂರವಿಡಬೇಕು. ಮೀನಿಗೆ ಆಹಾರ ಹಾಕುವ ಮಕ್ಕಳು ನಂತರ ಸಾಬೂನಿನಿಂದ ಕೈ ತೊಳೆಯುವಂತೆ ಹಿರಿಯರು ನೋಡಿಕೊಳ್ಳಬೇಕು.

6. ಮೀನು ಮರಿ ಉತ್ಪಾದನಾ ಘಟಕದ ಅರ್ಜಿದಾರರ ಗಮನಕ್ಕೆ

ಅಲಂಕಾರಿಕ ಮೀನು ಘಟಕ ಸ್ಥಾಪಿಸಲು ನೆರವು ಅಥವಾ ಬ್ಯಾಂಕ್ ಸಾಲ ಕೋರುವವರು ತೊಟ್ಟಿ, ಪಂಪು, ತಾಯಿ ಮೀನುಗಳ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಂಡು ಮರಿಗಳ ಆಹಾರದ ವೆಚ್ಚವನ್ನು ಬಿಟ್ಟುಬಿಡುವ ಸಾಧ್ಯತೆಯಿರುತ್ತದೆ. ಘಟಕದ ಆದಾಯ ನಿರ್ಧಾರವಾಗುವುದು ಹುಟ್ಟಿದ ಮರಿಗಳ ಸಂಖ್ಯೆಯಿಂದಲ್ಲ, ಮಾರಾಟದ ಗಾತ್ರಕ್ಕೆ ಬೆಳೆದ ಮರಿಗಳ ಸಂಖ್ಯೆಯಿಂದ. ಆದ್ದರಿಂದ ಯೋಜನಾ ವೆಚ್ಚದ ಪಟ್ಟಿಯಲ್ಲಿ ಆರ್ಟೀಮಿಯಾ ಖರೀದಿ, ಪರದೆ ಕಟ್ಟಿದ ಮೊಯಿನಾ ತೊಟ್ಟಿ ಹಾಗೂ ಹೊಸ ಮೀನುಗಳನ್ನು ಪ್ರತ್ಯೇಕವಾಗಿಡುವ ತೊಟ್ಟಿ ಇವುಗಳನ್ನು ಸೇರಿಸುವುದು ಒಳಿತು. ಪ್ರತಿ ತೊಟ್ಟಿಗೆ ಒಂದು ವಹಿ ಇಟ್ಟು, ನೀಡಿದ ಆಹಾರ, ಅದರ ಮೂಲ ಮತ್ತು ಸತ್ತ ಮರಿಗಳ ಸಂಖ್ಯೆಯನ್ನು ದಿನವಹಿ ಬರೆದಿಟ್ಟಲ್ಲಿ, ಯಾವ ಆಹಾರದಿಂದ ನಷ್ಟವಾಯಿತು ಎಂಬುದು ಸುಲಭವಾಗಿ ತಿಳಿಯುತ್ತದೆ.

7. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹುಳುಗಳನ್ನು ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಲ್ಲಿ ಅದ್ದಿದರೆ ಸಾಕೇ?
ಉತ್ತರ: ಸಾಲದು. ಅದು ಹೊರಮೈಯನ್ನು ಮಾತ್ರ ತಲುಪುತ್ತದೆ. ಹೊಟ್ಟೆಯ ಕೊಳೆ ಹೋಗಲು ನೀರಿನಲ್ಲಿ 2–3 ದಿನ ಇಡಲೇಬೇಕು.

ಪ್ರಶ್ನೆ: ಹೆಪ್ಪುಗಟ್ಟಿಸಿದ ಹುಳುಗಳು ಸುರಕ್ಷಿತವೇ?
ಉತ್ತರ: ಜೀವಂತ ಹುಳುಗಳಿಗಿಂತ ಸುರಕ್ಷಿತ. ಬಹಳಷ್ಟು ಪರಾವಲಂಬಿಗಳು ಹೆಪ್ಪುಗಟ್ಟಿಸುವುದರಿಂದ ಸಾಯುತ್ತವೆ. ಆದರೆ ಎಲ್ಲ ಬ್ಯಾಕ್ಟೀರಿಯಾಗಳೂ ಸಾಯುವುದಿಲ್ಲ. ಒಮ್ಮೆ ಕರಗಿದುದನ್ನು ಪುನಃ ಹೆಪ್ಪುಗಟ್ಟಿಸಬಾರದು.

ಪ್ರಶ್ನೆ: ಸಾಕಲು ಆಗದ ಮೀನುಗಳನ್ನು, ಉಳಿದ ಜೀವಂತ ಆಹಾರವನ್ನು ಕೆರೆಗೆ ಬಿಡಬಹುದೇ?
ಉತ್ತರ: ಬಿಡಬಾರದು. ತೊಟ್ಟಿಗಳಿಂದ ಹೊರಬಂದ ಸಕ್ಕರ್ ಮೀನುಗಳು ದೇಶದ ಹಲವು ಕೆರೆಗಳಲ್ಲಿ ನೆಲೆಯೂರಿ, ಸ್ಥಳೀಯ ಮೀನುಗಳಿಗೂ ಮೀನುಗಾರರ ಬಲೆಗಳಿಗೂ ತೊಂದರೆ ನೀಡುತ್ತಿವೆ. ಮೀನುಗಳನ್ನು ಅಂಗಡಿಗೆ ಅಥವಾ ಇತರ ಹವ್ಯಾಸಿಗಳಿಗೆ ಕೊಡಬೇಕು. ತೊಟ್ಟಿಯ ನೀರನ್ನು ಗಿಡಗಳಿಗೆ ಹಾಕಬಹುದು. ಔಷಧಿ ಅಥವಾ ಉಪ್ಪು ಸೇರಿಸಿದ ನೀರನ್ನು ಹಾಕಬಾರದು.

ಮುಕ್ತಾಯ

ಮೂಲ ತಿಳಿದಿರುವ ಆಹಾರ, ಸರಿಯಾದ ಶುದ್ಧೀಕರಣ, ಮಿತವಾದ ಪ್ರಮಾಣ ಮತ್ತು ನೀರು ನಿಲ್ಲಿಸಿದಲ್ಲೆಲ್ಲ ಬಿಗಿಯಾದ ಪರದೆ ಈ ನಾಲ್ಕನ್ನು ಪಾಲಿಸಿದಲ್ಲಿ ಮೀನುಗಳೂ ಮನೆಯವರೂ ಕ್ಷೇಮವಾಗಿರುತ್ತಾರೆ. ಮೀನುಗಳ ಸಾವು ಮುಂದುವರಿದಲ್ಲಿ, ಆಗ ತಾನೇ ಸತ್ತ ಮೀನು ಮತ್ತು ತೊಟ್ಟಿಯ ನೀರಿನ ಮಾದರಿಯೊಂದಿಗೆ ಸಮೀಪದ ಮೀನುಗಾರಿಕೆ ಇಲಾಖೆಯ ಕಛೇರಿಯನ್ನು ಸಂಪರ್ಕಿಸಿ ಸಲಹೆ ಪಡೆಯಬಹುದಾಗಿದೆ.